ಆಯ್ದದ್ದು ಪತ್ರಿಕೆಯದು, ಆಯ್ಕೆಯ ದಾಖಲೆ ಯಾರದು? ಸ್ಟೋರಿಫೈ ಪ್ರಕರಣದ ಒಂದು ಅಧ್ಯಯನ

1949ರ ಫೆಬ್ರವರಿಯಲ್ಲಿ ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಪತ್ರಿಕೆಯ ಟೆಲಿಗ್ರಾಫ್ ಸಂಪಾದಕರು ಸಂಶೋಧಕ ಡೇವಿಡ್ ಮ್ಯಾನಿಂಗ್ ವೈಟ್ ಅವರ ಕೋರಿಕೆಗೆ ಒಪ್ಪಿ ಒಂದು ವಾರ ಒಂದು ವಿಚಿತ್ರ ಕೆಲಸ ಮಾಡಿದರು. ಸುದ್ದಿಸಂಸ್ಥೆಗಳಿಂದ ತಂತಿಯಲ್ಲಿ ಬಂದು ಪುಟ ಸೇರದೆ ಉಳಿದ ಹಾಳೆಗಳನ್ನು ಕಸದ ಬುಟ್ಟಿಗೆ ಹಾಕದೆ ಎತ್ತಿಟ್ಟುಕೊಂಡರು. ಪಾಳಿ ಮುಗಿದ ಮೇಲೆ ಕೂತು, ಒಂದೊಂದು ಹಾಳೆಯ ಬೆನ್ನಿನ ಮೇಲೂ ಅದನ್ನು ಬಿಟ್ಟದ್ದೇಕೆಂದು ಬರೆದರು. ಬಂದದ್ದರಲ್ಲಿ ಅಚ್ಚಾದದ್ದು ಸುಮಾರು ಹತ್ತನೇ ಒಂದು ಪಾಲು. 1950ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ 'ಗೇಟ್‌ಕೀಪರ್' ಪರಿಕಲ್ಪನೆ ಪತ್ರಿಕೋದ್ಯಮದ ಪಠ್ಯಗಳಲ್ಲಿ ನೆಲೆಯೂರಿತು. ಪರಿಕಲ್ಪನೆಯ ಮೇಲೆ ಬೇಕಾದಷ್ಟು ಚರ್ಚೆ ನಡೆದಿದೆ. ನನ್ನ ಗಮನ ಆ ಹಾಳೆಗಳ ಮೇಲೆ. ಆಯ್ದದ್ದು ಪತ್ರಿಕೆಯಲ್ಲಿತ್ತು, ಬಿಟ್ಟದ್ದು ಮೇಜಿನ ಮೇಲಿತ್ತು. ಎರಡೂ ಒಂದೇ ಕಟ್ಟಡದಲ್ಲಿದ್ದವು, ಸಂಪಾದಕರ ಕೈಗೆ ಎಟುಕುವಂತಿದ್ದವು.

ಆಯ್ಕೆಯ ಕೆಲಸ ಕ್ಲೌಡ್ ಟೂಲ್‌ಗಳಿಗೆ ಸಾಗಿದ ಮೇಲೆ ಈ ಸ್ಥಿತಿ ಉಳಿಯಲಿಲ್ಲ ಎಂಬುದು ಈ ಲೇಖನದ ವಾದ. ಆಯುವ ಶ್ರಮ ಪ್ರಕಾಶಕರದೇ ಆಗಿ ಉಳಿಯಿತು, ಆಯ್ಕೆಯ ದಾಖಲೆ ಮಾತ್ರ ಟೂಲ್‌ನ ಒಡೆಯರ ಸರ್ವರ್‌ಗೆ ಹೋಯಿತು. ಪತ್ರಕರ್ತರಿಗೆಂದು ಹುಟ್ಟಿದ ಟೂಲ್ ಮಾರುಕಟ್ಟೆ ವಿಭಾಗದ ಸರಕಾದದ್ದಕ್ಕೂ ಇದೇ ಕಾರಣವಿರಬೇಕೆಂದು ನನ್ನ ಊಹೆ. ಅದನ್ನು ಪರೀಕ್ಷಿಸಲು ಆದಿ ಅಂತ್ಯ ಎರಡೂ ಸ್ಪಷ್ಟವಾಗಿ ಗೊತ್ತಿರುವ ಸ್ಟೋರಿಫೈ ಅನುಕೂಲವಾದ ಪ್ರಕರಣ.

ಅಸೋಸಿಯೇಟೆಡ್ ಪ್ರೆಸ್‌ನಲ್ಲಿ ವರದಿಗಾರರಾಗಿದ್ದ ಬರ್ಟ್ ಹರ್ಮನ್ ಮತ್ತು ಬೆಲ್ಜಿಯಂ ಮೂಲದ ಜೇವಿಯರ್ ಡಾಮನ್ 2010ರಲ್ಲಿ, ಸಾಮಾಜಿಕ ಜಾಲತಾಣಗಳ ಪೋಸ್ಟ್‌ಗಳನ್ನು ಆಯ್ದು ಕತೆಯಾಗಿ ಜೋಡಿಸುವ ಸ್ಟೋರಿಫೈ ಕಟ್ಟಿದರು. 2011ರ ಏಪ್ರಿಲ್‌ನಲ್ಲಿ ಅದು ಎಲ್ಲರಿಗೂ ತೆರೆದುಕೊಂಡಿತು. ಅದಕ್ಕೂ ಮೊದಲೇ ಅಮೆರಿಕದ ಎನ್‌ಪಿಆರ್ ರೇಡಿಯೊದ ಆಂಡಿ ಕಾರ್ವಿನ್ ಟುನೀಸಿಯಾದ ದಂಗೆಯ ಟ್ವೀಟ್, ವಿಡಿಯೊಗಳನ್ನು ಇದರಲ್ಲಿ ಪೋಣಿಸಿದ್ದರು. ಮುಂದೆ ದೊಡ್ಡ ಪತ್ರಿಕೆಗಳಷ್ಟೇ ಅಲ್ಲ, ಶ್ವೇತಭವನವೂ ಅದನ್ನು ಬಳಸಿತು.

ಅದರ ಪರದೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಬದಿಯಲ್ಲಿ ಖಾಲಿ ಪುಟ, ಇನ್ನೊಂದು ಬದಿಯಲ್ಲಿ ಹುಡುಕುವ ಪಟ್ಟಿ. ಆ ಪಟ್ಟಿಯಲ್ಲಿ ಟ್ವಿಟರ್, ಫೇಸ್‌ಬುಕ್, ಯೂಟ್ಯೂಬ್, ಫ್ಲಿಕರ್. ಉಪಸಂಪಾದಕಿ ಒಂದು ಹ್ಯಾಶ್‌ಟ್ಯಾಗ್ ಹಾಕಿದರೆ ಪೋಸ್ಟ್‌ಗಳು ಸಾಲುಸಾಲಾಗಿ ಇಳಿಯುತ್ತಿದ್ದವು. ಬೇಕಾದದ್ದನ್ನು ಮೌಸ್‌ನಿಂದ ಹಿಡಿದು ಖಾಲಿ ಪುಟಕ್ಕೆ ಎಳೆದು ಬಿಡುವುದು, ಮೇಲೆ ಕೆಳಗೆ ಮಾಡಿ ಕ್ರಮ ಕೂಡಿಸುವುದು, ನಡುವೆ ಎರಡು ಸಾಲು ವಿವರಣೆ ಬರೆಯುವುದು, ಕೊನೆಗೆ ಪ್ರಕಟಿಸುವುದು. ಯಾರ ಪೋಸ್ಟ್ ಬಳಸಿದೆಯೋ ಅವರಿಗೆ ಒಂದು ಗುಂಡಿ ಒತ್ತಿ ಸುದ್ದಿ ಮುಟ್ಟಿಸುವ ಸೌಲಭ್ಯವೂ ಇತ್ತು. ಉಲ್ಲೇಖಗೊಂಡವರೇ ಕತೆಯನ್ನು ಹಂಚಿ ಓದುಗರನ್ನು ಕರೆತರಲಿ ಎಂಬ ವ್ಯಾಪಾರಿ ಜಾಣ್ಮೆ ಅದರಲ್ಲಿತ್ತು. ಡೆಸ್ಕ್‌ನಲ್ಲಿ ದುಡಿದವರಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ಆದರೆ ಪಟ್ಟಿಯಲ್ಲಿ ಇಳಿದು ಬಂದು ಆಯ್ಕೆಯಾಗದೆ ಹೋದ ಪೋಸ್ಟ್‌ಗಳ ಬೆನ್ನಿನ ಮೇಲೆ ಯಾರೂ ಏನನ್ನೂ ಬರೆಯುತ್ತಿರಲಿಲ್ಲ. ಯಾವ ಪದ ಹಾಕಿ ಹುಡುಕಿದರು, ಯಾವುದನ್ನು ಎಳೆದು ತಂದು ಮತ್ತೆ ತೆಗೆದರು, ಎಷ್ಟು ಸಲ ಕ್ರಮ ಬದಲಿಸಿದರು ಎಂಬುದೆಲ್ಲ ತಿಳಿಯಬಹುದಾದ ಜಾಗ ಒಂದೇ, ಸೇವೆ ಒದಗಿಸುವ ಕಂಪನಿಯ ಸರ್ವರ್. ಸುದ್ದಿಮನೆಗೆ ಸಿಗುತ್ತಿದ್ದದ್ದು ಮುಗಿದ ಕತೆ ಮತ್ತು ಒಂದು ಎಂಬೆಡ್ ಕೋಡ್.

ಎಂಬೆಡ್ ಕೋಡ್ ಎಂದರೆ ಪತ್ರಿಕೆಯ ಪುಟದಲ್ಲಿ ಕೂರುವ ಒಂದೆರಡು ಸಾಲಿನ ಜಾವಾಸ್ಕ್ರಿಪ್ಟ್. ಓದುಗರು ಪುಟ ತೆರೆದಾಗಲೆಲ್ಲ ಅದು ಸ್ಟೋರಿಫೈನ ಸರ್ವರ್‌ಗೆ ಹೋಗಿ ಸಾಮಗ್ರಿ ತಂದು ತೋರಿಸುತ್ತಿತ್ತು. ಅಂದರೆ ಪತ್ರಿಕೆಯ ಸ್ವಂತ ಭಂಡಾರದಲ್ಲಿ ವರದಿಯೇ ಇರಲಿಲ್ಲ, ವರದಿ ಇರುವ ವಿಳಾಸವಿತ್ತು. 2017ರ ಡಿಸೆಂಬರ್‌ನಲ್ಲಿ ಸೇವೆ ಮುಚ್ಚುವ ಪ್ರಕಟಣೆ ಬಂದಾಗ ಇದರ ಪರಿಣಾಮ ಗೊತ್ತಾಯಿತು. 2018ರ ಮೇ 16ರೊಳಗೆ ಎಲ್ಲರೂ ತಮ್ಮ ಕತೆಗಳನ್ನು ಇಳಿಸಿಕೊಳ್ಳಬೇಕಿತ್ತು. ಲಾಗಿನ್ ಆಗಿ, ಕತೆ ತೆರೆದು, ಮೂರು ಚುಕ್ಕಿಯ ಗುರುತು ಒತ್ತಿ, ಎಚ್‌ಟಿಎಂಎಲ್, ಎಕ್ಸ್‌ಎಂಎಲ್, ಜೇಸನ್‌ಗಳಲ್ಲಿ ಒಂದನ್ನು ಆರಿಸಿ, ಹೀಗೆ ಒಂದಾದ ಮೇಲೊಂದು. ಸಾಲದ್ದಕ್ಕೆ ಕತೆ ಕಟ್ಟಿದ ಸಿಬ್ಬಂದಿ ಕೆಲಸ ಬಿಟ್ಟಿದ್ದರೆ ಪಾಸ್‌ವರ್ಡ್ ಯಾರ ಬಳಿ ಇದೆಯೆಂದು ಹುಡುಕುವ ಪಾಡು ಬೇರೆ.

ಆ ಹೊತ್ತಿಗೆ ಸ್ಟೋರಿಫೈ ಎರಡು ಕೈ ಬದಲಾಗಿತ್ತು. 2013ರ ಸೆಪ್ಟೆಂಬರ್‌ನಲ್ಲಿ ಅದನ್ನು ಕೊಂಡ ಲೈವ್‌ಫೈರ್, ಜಾಲತಾಣಗಳಿಗೆ ಕಾಮೆಂಟ್ ವ್ಯವಸ್ಥೆ ಒದಗಿಸುತ್ತಿದ್ದ ಕಂಪನಿ. 2016ರಲ್ಲಿ ಲೈವ್‌ಫೈರ್ ಅನ್ನೇ ಅಡೋಬಿ ಕೊಂಡು ತನ್ನ ಮಾರ್ಕೆಟಿಂಗ್ ತಂತ್ರಾಂಶಗಳ ಗುಂಪಿಗೆ ಸೇರಿಸಿತು. ಬಿಟ್ಟಿ ಸ್ಟೋರಿಫೈ ಮುಚ್ಚಿದ ಮೇಲೆ 'ಸ್ಟೋರಿಫೈ 2' ಉಳಿದದ್ದು ಲೈವ್‌ಫೈರ್‌ಗೆ ಹಣ ಕೊಡುವ ಗ್ರಾಹಕರಿಗೆ ಮಾತ್ರ. ಇದನ್ನು ಬರಿಯ ಮುಳುಗಡೆಯ ಕತೆ ಎಂದು ಓದುವವರ ಮಾತನ್ನು ನಾನು ಒಪ್ಪಲಾರೆ. ಇಲ್ಲಿ ಬದಲಾದದ್ದು ಆಯ್ಕೆಯ ಉದ್ದೇಶ. ಪತ್ರಕರ್ತರಿಗೆ ಒಂದು ಪೋಸ್ಟ್ ಸಾಕ್ಷ್ಯ. ಮಾರಾಟಗಾರರಿಗೆ ಅದೇ ಪೋಸ್ಟ್ ಪುಕ್ಕಟೆ ಜಾಹೀರಾತು. ಗ್ರಾಹಕರೊಬ್ಬರು ಹೊಸ ಶೂ ತೊಟ್ಟು ಇನ್‌ಸ್ಟಾಗ್ರಾಮ್‌ಗೆ ಚಿತ್ರ ಹಾಕಿದರೆ, ಕಂಪನಿ ಅದರ ಕೆಳಗೆ ಬಂದು ಇಂಥ ಹ್ಯಾಶ್‌ಟ್ಯಾಗ್ ಬರೆದು ಒಪ್ಪಿಗೆ ಕೊಡಿ ಎಂದು ಕೇಳುತ್ತದೆ. ಉತ್ತರ ಬಂದ ಕೂಡಲೇ ಟೂಲ್ ಆ ಒಪ್ಪಿಗೆಯನ್ನು ದಿನಾಂಕ ಸಹಿತ ದಾಖಲಿಸಿ ಚಿತ್ರವನ್ನು ಕಂಪನಿಯ ಸಂಗ್ರಹಕ್ಕೆ ಸೇರಿಸುತ್ತದೆ. ಯಾವ ಚಿತ್ರಕ್ಕೆ ಎಷ್ಟು ಕ್ಲಿಕ್, ಎಷ್ಟು ಖರೀದಿ ಎಂಬ ಲೆಕ್ಕವನ್ನೂ ಅದರ ಜೊತೆಗಿಡಬಹುದು. ಗಮನಿಸಿ: ವೈಟ್ ಅವರ ಸಂಪಾದಕರು ಹಾಳೆಯ ಹಿಂದೆ ಬರೆದಿಟ್ಟಂಥ ಟಿಪ್ಪಣಿಯನ್ನು ಇಂದು ಶಿಸ್ತಾಗಿ ಇಡುತ್ತಿರುವವರು ಸುದ್ದಿಮನೆಯವರಲ್ಲ, ಬ್ರ್ಯಾಂಡ್ ವಿಭಾಗದವರು. ಅವರಿಗೆ ಅದು ಹಣದ ಪ್ರಶ್ನೆ, ವಕೀಲರ ಪ್ರಶ್ನೆ.

ವಕೀಲರ ಪ್ರಶ್ನೆ ಏಕೆಂದರೆ ನ್ಯಾಯಾಲಯಗಳು ಸುಮ್ಮನೆ ಕೂತಿರಲಿಲ್ಲ. ಪ್ರಚಾರ ವಿಭಾಗಗಳಿಗೆ ಸುದ್ದಿಯ ತುಣುಕುಗಳನ್ನು ಹೆಕ್ಕಿ ಕಳಿಸುವ ಮೆಲ್ಟ್‌ವಾಟರ್ ವಿರುದ್ಧ ಅಸೋಸಿಯೇಟೆಡ್ ಪ್ರೆಸ್ ಹೂಡಿದ ಕೃತಿಸ್ವಾಮ್ಯದ ದಾವೆಯಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶೆ ಡೆನಿಸ್ ಕೋಟ್ 2013ರ ಮಾರ್ಚ್‌ನಲ್ಲಿ ತೀರ್ಪಿತ್ತರು. ನಾವು ಸರ್ಚ್ ಎಂಜಿನ್‌ನಂತೆ ಎಂಬ ಮೆಲ್ಟ್‌ವಾಟರ್‌ನ ವಾದ ನಿಲ್ಲಲಿಲ್ಲ. ತುಣುಕು ಓದಿ ಮೂಲ ವರದಿಗೆ ಹೋದವರ ಪ್ರಮಾಣ ಶೇ. 0.08 ಮಾತ್ರ ಎಂಬ ಅಂಕಿ ಅವರಿಗೇ ಮುಳುವಾಯಿತು. 2018ರ ಫೆಬ್ರವರಿಯಲ್ಲಿ, ಅಂದರೆ ಸ್ಟೋರಿಫೈ ಮುಚ್ಚಲು ಮೂರು ತಿಂಗಳಿದ್ದಾಗ, ಅದೇ ಜಿಲ್ಲಾ ನ್ಯಾಯಾಲಯದ ಕ್ಯಾಥರಿನ್ ಫಾರೆಸ್ಟ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಫುಟ್‌ಬಾಲ್ ಆಟಗಾರ ಟಾಮ್ ಬ್ರೇಡಿಯ ಒಂದು ಚಿತ್ರವಿದ್ದ ಟ್ವೀಟ್‌ಗಳನ್ನು ಬ್ರೈಟ್‌ಬಾರ್ಟ್ ಮುಂತಾದ ಜಾಲತಾಣಗಳು ಎಂಬೆಡ್ ಮಾಡಿದ್ದವು. ಚಿತ್ರ ನಮ್ಮ ಸರ್ವರ್‌ನಲ್ಲಿ ಇಲ್ಲವಲ್ಲ ಎಂಬ ಸಮರ್ಥನೆ ಸಾಲದು ಎಂದಿತು ಆ ತೀರ್ಪು. ಪಶ್ಚಿಮ ರಾಜ್ಯಗಳ ಮೇಲ್ಮನವಿ ನ್ಯಾಯಾಲಯ 2007ರಲ್ಲಿ ಎತ್ತಿಹಿಡಿದ 'ಸರ್ವರ್ ಪರೀಕ್ಷೆ' ಇದಕ್ಕೆ ವಿರುದ್ಧ. 2023ರಲ್ಲಿ ಇನ್‌ಸ್ಟಾಗ್ರಾಮ್ ಪ್ರಕರಣದಲ್ಲೂ ಅದು ತನ್ನ ನಿಲುವು ಬಿಡಲಿಲ್ಲ. ಒಂದೇ ದೇಶದ ಎರಡು ತೀರದಲ್ಲಿ ಎರಡು ನ್ಯಾಯ.

ಹಾಗೆಂದು ಎಲ್ಲವನ್ನೂ ನಕಲಿಸಿ ಪತ್ರಿಕೆಯ ಭಂಡಾರಕ್ಕೆ ತುಂಬಿಕೊಂಡರೆ ಸಮಸ್ಯೆ ಬಗೆಹರಿಯದು. ಪೋಸ್ಟ್ ಬರೆದವರು ಆಮೇಲೆ ಅದನ್ನು ಅಳಿಸಿದ್ದರೆ? 2014ರಲ್ಲಿ ಅಮೆರಿಕದ ಫರ್ಗುಸನ್ ಪಟ್ಟಣದಲ್ಲಿ ಪೊಲೀಸರ ವಿರುದ್ಧ ನಡೆದ ಪ್ರತಿಭಟನೆಗಳ ನಂತರ ಹುಟ್ಟಿದ 'ಡಾಕ್ಯುಮೆಂಟಿಂಗ್ ದ ನೌ' ಯೋಜನೆ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿತು. ಅಲ್ಲಿನವರು ಟ್ವೀಟ್‌ಗಳ ಪಠ್ಯವನ್ನು ಹಂಚದೆ ಗುರುತಿನ ಸಂಖ್ಯೆಗಳನ್ನಷ್ಟೇ ಹಂಚಿದರು. ಸಂಶೋಧಕರು ಆ ಸಂಖ್ಯೆ ಕೊಟ್ಟು ಪಠ್ಯ ಪಡೆಯಬೇಕು, ಅಳಿಸಿದ್ದು ಸಿಗುವುದಿಲ್ಲ. ಬೀದಿಗಿಳಿದವನ ಪೋಸ್ಟ್ ಪೊಲೀಸರ ಕೈಗೂ ಪುರಾವೆಯಾಗಬಹುದಾದ ಕಾಲದಲ್ಲಿ ಇದು ಸರಿಯಾದ ಎಚ್ಚರ. ಸಂಪೂರ್ಣ ಭಂಡಾರ ಬೇಕೆನ್ನುವ ನನ್ನಂಥವರ ಆಸೆಗೆ ಅದು ತಡೆಯೊಡ್ಡುತ್ತದೆ, ಒಡ್ಡಬೇಕು ಕೂಡ. ಆದರೆ ಈ ಪದ್ಧತಿಯೂ ವೇದಿಕೆಯ ಔದಾರ್ಯದ ಮೇಲೆ ನಿಂತದ್ದು. 2023ರಲ್ಲಿ ಟ್ವಿಟರ್ ಉಚಿತ ಎಪಿಐ ಪ್ರವೇಶವನ್ನು (ಹೊರಗಿನ ತಂತ್ರಾಂಶಗಳು ಅದರ ದತ್ತಾಂಶ ಪಡೆಯುವ ದಾರಿಯನ್ನು) ನಿಲ್ಲಿಸಿದಾಗ ಆ ಸಂಖ್ಯೆಗಳಿಂದ ಪಠ್ಯ ಪಡೆಯುವ ದಾರಿ ಬಹುಮಟ್ಟಿಗೆ ಮುಚ್ಚಿತು.

ಆಯ್ಕೆಯ ದಾಖಲೆ ಕೈತಪ್ಪುವ ಈ ಪಾಡು ಕನ್ನಡಕ್ಕೂ ಉಂಟು. ಕನ್ನಡದ ಓದುಗರಿಗೆ ಆಯ್ದು ಕೊಡುವ ಪತ್ರಿಕೆ ಹೊಸದಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ 'ಕಸ್ತೂರಿ', ಪಾ.ವೆಂ. ಆಚಾರ್ಯರ ಕೈಯಲ್ಲಿ, ಡೈಜೆಸ್ಟ್ ಮಾದರಿಯನ್ನು ಮನೆಮನೆಗೆ ಮುಟ್ಟಿಸಿತ್ತು. ಅದರ ಆಯ್ಕೆಯನ್ನು ಅಧ್ಯಯನ ಮಾಡಬೇಕೆಂದವರು ಗ್ರಂಥಾಲಯದಲ್ಲಿ ರಟ್ಟು ಕಟ್ಟಿದ ಸಂಪುಟ ತೆಗೆದರಾಯಿತು. ಬೆಂಗಳೂರಿನ ಡೈಲಿಹಂಟ್ ಇಂದು ಹಲವು ಪ್ರಕಾಶಕರ ಕನ್ನಡ ಸುದ್ದಿಯನ್ನು ಒಂದೇ ಆ್ಯಪ್‌ನಲ್ಲಿ ಕೊಡುತ್ತದೆ. ಅಲ್ಲಿ ಒಬ್ಬ ಓದುಗನ ಪರದೆಯಂತೆ ಇನ್ನೊಬ್ಬನದು ಇರುವುದಿಲ್ಲವಾದ್ದರಿಂದ, ಒಂದು ದಿನದ 'ಸಂಚಿಕೆ' ಎಂಬುದನ್ನು ಎತ್ತಿಡಲು ಬರುವುದೂ ಇಲ್ಲ.

2010ರ ದಶಕದ ಸುದ್ದಿ ಆಯ್ಕೆಯನ್ನು ಅಭ್ಯಾಸ ಮಾಡಹೊರಟವರ ಎದುರು ಈಗ ಉಳಿದಿರುವ ಆಕರಗಳು ಮೂರು ಬಗೆಯವು: ಯಾರೋ ಮುನ್ನೆಚ್ಚರಿಕೆಯಿಂದ ಇಳಿಸಿಕೊಂಡ ಜೇಸನ್ ಕಡತಗಳು, ಹಳೆಯ ಜಾಲಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್ ಹಿಡಿದಿಟ್ಟ ಪುಟಗಳು, ಆ ಕಾಲದ ಡೆಸ್ಕ್ ಸಿಬ್ಬಂದಿಯ ನೆನಪು. ಮೊದಲನೆಯದರಲ್ಲಿ ಕ್ರಮ ಸಿಗುತ್ತದೆ, ಚಿತ್ರಗಳ ಕೊಂಡಿ ಸತ್ತಿರಬಹುದು. ಎರಡನೆಯದರಲ್ಲಿ ಜಾವಾಸ್ಕ್ರಿಪ್ಟ್‌ನಿಂದ ಬರುತ್ತಿದ್ದ ಭಾಗ ಎಷ್ಟೋ ಕಡೆ ಖಾಲಿ. ಮೂರನೆಯದನ್ನು ಸಂದರ್ಶನಗಳ ಮೂಲಕ ಈಗಲೇ ಸಂಗ್ರಹಿಸಬೇಕು, ಏಕೆಂದರೆ ಬಿಟ್ಟದ್ದನ್ನು ಬಿಟ್ಟದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವ ಆಕರ ಅದೊಂದೇ. ಸೇವೆ ನಿಲ್ಲಿಸುವವರು ಕೊಡುವ ಕಡತ ಆ ಪ್ರಶ್ನೆಯನ್ನು ಮುಟ್ಟುವುದಿಲ್ಲ. 2025ರ ಜುಲೈ 8ರಂದು ಮೊಜಿಲ್ಲಾ, ಲೇಖನಗಳನ್ನು ಆಮೇಲೆ ಓದಲೆಂದು ಉಳಿಸಿಡುವ ಪಾಕೆಟ್ ಸೇವೆಯನ್ನು ನಿಲ್ಲಿಸಿದಾಗಲೂ ಬಳಕೆದಾರರು ಇಳಿಸಿಕೊಳ್ಳಬಹುದಾದ ಪಟ್ಟಿಯಲ್ಲಿ ಮುಖ್ಯವಾಗಿ ಇದ್ದದ್ದು ಶೀರ್ಷಿಕೆ, ಕೊಂಡಿ, ಟ್ಯಾಗ್ ಮತ್ತು ಉಳಿಸಿದ ಸಮಯ.