ಕಳೆದ ಸ್ವತ್ತಿನ ನ್ಯಾಯ: ಜಮಖಂಡಿ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿಚಾರ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಗಳು ಇಂದು ಒಂದೇ ಬಾಗಲಕೋಟೆ ಜಿಲ್ಲೆಗೆ ಸೇರಿವೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ ಸ್ಥಿತಿ ಹೀಗಿರಲಿಲ್ಲ. ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಆಳ್ವಿಕೆಯಲ್ಲಿದ್ದವು. ರಬಕವಿ ಸಾಂಗಲಿ ಸಂಸ್ಥಾನಕ್ಕೂ ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೂ ಸೇರಿದ್ದವು. ದಾರಿ ತಪ್ಪಿದ ಎತ್ತು ಕೆಲವು ಹರಿದಾರಿ ನಡೆದರೆ ಬೇರೊಂದು ಪ್ರಭುತ್ವದ ನೆಲವನ್ನು ತುಳಿಯುತ್ತಿತ್ತು. ಹೀಗೆ ಕಳೆದುಹೋದ ಸ್ವತ್ತು ಪ್ರಭುತ್ವದ ಕೈಸೇರಿದಾಗ ಅದು ಪ್ರಭುವಿನದಾಗುವುದೋ, ಒಡೆಯನ ಪರವಾಗಿ ಕಾಯಬೇಕಾದ ನ್ಯಾಸವೋ ಎಂಬುದನ್ನು ನಾವಿಲ್ಲಿ ವಿಚಾರಿಸಬಯಸುತ್ತೇವೆ.

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಕನ್ನಡ ನಾಡಿನಲ್ಲಿಯೇ ರಚಿತವಾದ ಗ್ರಂಥವೊಂದರಲ್ಲಿದೆ. ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯೇ ಅದು. ಒಡೆಯನು ಗುರುತು ಹೇಳಿ ಸ್ವತ್ತನ್ನು ತನ್ನದೆಂದು ಸ್ಥಾಪಿಸಬೇಕು. ಸ್ಥಾಪಿಸಲಾರದವನಿಗೆ ಸ್ವತ್ತಿನ ಬೆಲೆಯಷ್ಟೇ ದಂಡ. ಮೊದಲ ವರ್ಷದಲ್ಲಿ ಬಂದವನಿಗೆ ಪೂರ್ಣವಾಗಿ ಮರಳಿಸತಕ್ಕದ್ದು. ಎರಡನೆಯ ವರ್ಷ ಹನ್ನೆರಡರಲ್ಲೊಂದು, ಮೂರನೆಯ ವರ್ಷ ಹತ್ತರಲ್ಲೊಂದು, ಅನಂತರ ಆರರಲ್ಲೊಂದು ಪಾಲು ಅರಸನಿಗೆ. ಒಡೆಯನು ಬಾರದೇ ಹೋದರೆ ಕಂಡು ತಂದವನಿಗೆ ನಾಲ್ಕರಲ್ಲೊಂದು ಪಾಲು, ಉಳಿದುದು ಅರಸನದು. ಆದರೆ ಅರಸನು ದ್ರವ್ಯವನ್ನು ವ್ಯಯಮಾಡಿದ ಮೇಲೂ ಒಡೆಯನು ಬಂದರೆ, ತನ್ನ ಪಾಲನ್ನು ಕಳೆದು ಅಷ್ಟೇ ಬೆಲೆಯನ್ನು ಕೊಡಬೇಕೆಂಬ ಮಾತು ಗಮನಾರ್ಹವಾದುದು. ಅರಸನ ಪಾಲು ರಕ್ಷಣೆಯ ಕೂಲಿಯೇ ಹೊರತು ಒಡೆತನದ ಫಲವಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಬ್ರಿಟಿಷರ ಕಾಯಿದೆಗಳು ಈ ವಿಷಯವನ್ನು ಹಲವು ಕವಲುಗಳಾಗಿ ಒಡೆದವು. 1871ರ ದನಗಳ ಅತಿಕ್ರಮಣ ಕಾಯಿದೆಯ ಮೇರೆಗೆ ಕೊಂಡವಾಡದಲ್ಲಿ ಏಳು ದಿನ ಕಳೆದರೂ ಕೇಳುವವರಿಲ್ಲದ ದನವನ್ನು ಪ್ರಕಟಣೆ ಹೊರಡಿಸಿ, ಮತ್ತೆ ಏಳು ದಿನ ಕಾದು, ಲಿಲಾವು ಮಾಡಬೇಕಾಗಿತ್ತು. 1872ರ ಕರಾರು ಕಾಯಿದೆ ವಸ್ತು ಕಂಡವನಿಗೆ ಅದನ್ನು ಜೋಪಾನ ಮಾಡುವ ಹೊಣೆಯನ್ನು ಹೊರಿಸಿತು. ಜೋಪಾನದ ವೆಚ್ಚ ಸಲ್ಲುವವರೆಗೆ ಅದನ್ನು ಇಟ್ಟುಕೊಳ್ಳುವ ಹಕ್ಕನ್ನೂ ಕೊಟ್ಟಿತು. 1878ರ ನಿಧಿ ಕಾಯಿದೆ ಹತ್ತು ರೂಪಾಯಿಗೆ ಮೀರಿದ ನಿಧಿಗೆ ಹಕ್ಕುದಾರರಿಲ್ಲದಿದ್ದಲ್ಲಿ, ಸಾಮಾನ್ಯವಾಗಿ ಕಂಡವನಿಗೆ ಮುಕ್ಕಾಲು, ನೆಲದೊಡೆಯನಿಗೆ ಕಾಲು ಪಾಲನ್ನು ವಿಧಿಸಿತು.

ಇಂದು ನಾಲ್ಕೂ ಕಡೆ ಕಾನೂನು ಒಂದೇ. 2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಪೊಲೀಸರು ವಶಪಡಿಸಿಕೊಂಡ ಸ್ವತ್ತಿನ ಒಡೆಯನು ತಿಳಿಯದಿದ್ದರೆ ಮ್ಯಾಜಿಸ್ಟ್ರೇಟರು ಘೋಷಣೆ ಹೊರಡಿಸಿ ಆರು ತಿಂಗಳ ಅವಧಿ ಕೊಡುತ್ತಾರೆ. ಯಾರೂ ಹಕ್ಕು ಸ್ಥಾಪಿಸದಿದ್ದರೆ ಸ್ವತ್ತು ರಾಜ್ಯ ಸರಕಾರದ ಅಧೀನಕ್ಕೆ ಬರುತ್ತದೆ. ಕಾಯುವುದು, ಸಾರುವುದು, ಗುರುತು ಕೇಳುವುದು ಎಂಬ ಮೂರು ಮೆಟ್ಟಿಲುಗಳು ಉಳಿದುಬಂದಿವೆ. ಅವಧಿಯಾದರೋ ವರ್ಷಗಳಿಂದ ತಿಂಗಳುಗಳಿಗೆ ಇಳಿದಿದೆ. ತಂದೊಪ್ಪಿಸಿದವನ ಕಾಲುಪಾಲು ಈ ವಿಧಿಯಲ್ಲಿ ಕಾಣುವುದಿಲ್ಲ. ಆಡಳಿತ ಒಂದಾದುದರಿಂದ ಈ ಸೀಮೆಯ ಪ್ರಜೆಗೆ ಅನುಕೂಲವಾಗಿರುವುದು ನಿಜ. ಆದರೆ ತಡವಾಗಿ ಬಂದ ಒಡೆಯನ ವಿಷಯದಲ್ಲಿ ಕಲ್ಯಾಣದ ಪಂಡಿತನು ತೋರಿದ ಔದಾರ್ಯ ನಮ್ಮ ಕಾಲದ ವಿಧಿಗಿಂತ ಹಿರಿದೆಂದೇ ನಾವು ಭಾವಿಸುತ್ತೇವೆ.