ಹೊಗೆಗೂ ಚಳಿಗೂ ನಡುವೆ

ಕಳೆದ ವರ್ಷ ನನ್ನ ಮೊಮ್ಮಗಳು ಓದಿಗಾಗಿ ವಿದೇಶಕ್ಕೆ ಹೊರಟಾಗ ನಮ್ಮ ಮನೆಯ ನಡುಮನೆಯಲ್ಲಿ ಮೂರು ದಿನ ಪೆಟ್ಟಿಗೆಗಳು ಬಾಯಿ ತೆರೆದುಕೊಂಡೇ ಬಿದ್ದಿದ್ದವು. ಒಂದರಲ್ಲಿ ಪುಸ್ತಕಗಳು, ಇನ್ನೊಂದರಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಪುಟ್ಟದೊಂದು ಕುಕ್ಕರು, ಅವಳ ಅಜ್ಜಿ ಹಟ ಹಿಡಿದು ತುರುಕಿದ ಎರಡು ಉಣ್ಣೆಯ ಶಾಲು. ಅವಳು ಅಲ್ಲಿ ತಲುಪಿದ ದಿನವೇ ಅವಳ ಮುಖವೂ ದನಿಯೂ ನಮ್ಮ ಮನೆಯ ದೂರವಾಣಿಯಲ್ಲಿ ಮೂಡಿಬಂದವು. ಮನೆಮಂದಿಯೆಲ್ಲ ಮುತ್ತಿಕೊಂಡು ಕೇಳಿದ ಮೊದಲ ಪ್ರಶ್ನೆ ಅವಳ ವಿಶ್ವವಿದ್ಯಾನಿಲಯವನ್ನು ಕುರಿತದ್ದಾಗಿರಲಿಲ್ಲ. "ಕೋಣೆ ಬೆಚ್ಚಗಿದೆಯೇನಮ್ಮ? ಊಟ ಆಯಿತೆ?" ಇದೇ ಆ ಪ್ರಶ್ನೆ.

ಇತಿಹಾಸವನ್ನು ಓದುವ ಹವ್ಯಾಸವುಳ್ಳ ನನಗೆ ಆ ರಾತ್ರಿ ಇನ್ನೊಬ್ಬ ವಿದ್ಯಾರ್ಥಿನಿಯ ನೆನಪಾಯಿತು. ನೂರನಲವತ್ತು ವರ್ಷಗಳ ಹಿಂದೆ, ಹದಿನೆಂಟನೆಯ ವಯಸ್ಸಿನಲ್ಲಿ, ಸ್ವಂತ ಬಂಧುಗಳಾರೂ ಜೊತೆಗಿಲ್ಲದೆ ಎರಡು ಸಮುದ್ರಗಳನ್ನು ದಾಟಿ ಅಮೆರಿಕಕ್ಕೆ ಹೋದ ಆನಂದಿಬಾಯಿ ಜೋಶಿಯ ನೆನಪು. ಕೋಣೆ ಬೆಚ್ಚಗಿದೆಯೇ ಎಂದು ತವರಿನಿಂದ ಅಂದೇ ಕೇಳುವ ದಾರಿ ಆಕೆಗೆ ಇರಲಿಲ್ಲ. ಕೇಳಿದ್ದರೆ ಆಕೆಯ ಉತ್ತರ ಏನಾಗುತ್ತಿತ್ತು ಎಂಬುದನ್ನು ಕುರಿತೇ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಆನಂದಿಬಾಯಿಯ ಹೆಸರನ್ನು ನಮ್ಮಲ್ಲಿ ಅನೇಕರು ಬಲ್ಲರು. ಪಾಶ್ಚಾತ್ಯ ವೈದ್ಯಶಾಸ್ತ್ರದಲ್ಲಿ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಆಕೆ ಒಬ್ಬಳು; ಅದೇ 1886ರಲ್ಲಿ ಕಲ್ಕತ್ತೆಯಲ್ಲಿ ಕಾದಂಬಿನಿ ಗಂಗೂಲಿ ವೈದ್ಯೆಯಾದಳು. ಆನಂದಿಬಾಯಿಯ ಜೀವನವನ್ನು ಅಮೆರಿಕದ ಕ್ಯಾರೊಲಿನ್ ಡಾಲ್ 1888ರಲ್ಲಿಯೇ ಬರೆದಳು. ಮರಾಠಿಯಲ್ಲಿ ಕಾಶೀಬಾಯಿ ಕಾನಿಟ್ಕರ್ 1912ರಲ್ಲಿ ಬರೆದರು. ಅನಂತರ ಕಾದಂಬರಿ, ನಾಟಕ, ಚಲನಚಿತ್ರಗಳೂ ಬಂದವು. ಇಷ್ಟಾದರೂ ನಮ್ಮ ನೆನಪಿನಲ್ಲಿ ಉಳಿದಿರುವುದು ಮೂರೇ ಚಿತ್ರಗಳು: ಹಡಗನ್ನೇರುವ ಹುಡುಗಿ, ಪದವಿ ಪಡೆಯುವ ವೈದ್ಯೆ, ಅಕಾಲದಲ್ಲಿ ಆರಿಹೋದ ದೀಪ. ಈ ಮೂರರ ನಡುವೆ ಆಕೆ ದಿನದಿನವೂ ಬದುಕಬೇಕಾಗಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಉಡುವುದು ಏನನ್ನು, ಉಣ್ಣುವುದು ಏನನ್ನು, ಬೆಂಕಿ ಕಾಯಿಸುವುದು ಹೇಗೆ ಎಂಬ ಸಣ್ಣ ಸಂಗತಿಗಳು ಚರಿತ್ರೆಯ ಅಂಚಿನಲ್ಲಿ ಉಳಿದುಬಿಡುತ್ತವೆ. ಆಕೆಯ ಮಟ್ಟಿಗಂತೂ ಆ ಸಣ್ಣ ಸಂಗತಿಗಳೇ ದೊಡ್ಡ ಪರೀಕ್ಷೆಗಳಾಗಿದ್ದವು.

ಆಕೆ ಹುಟ್ಟಿದ್ದು 1865ರ ಮಾರ್ಚ್ 31ರಂದು, ಮುಂಬಯಿಗೆ ಸಮೀಪದ ಕಲ್ಯಾಣದಲ್ಲಿ. ತವರಿನವರು ಇಟ್ಟ ಹೆಸರು ಯಮುನಾ. ಒಂಬತ್ತನೆಯ ವಯಸ್ಸಿನಲ್ಲಿ, ತನಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯನಾದ, ಹೆಂಡತಿಯನ್ನು ಕಳೆದುಕೊಂಡಿದ್ದ ಗೋಪಾಲರಾವ್ ಜೋಶಿ ಎಂಬ ಅಂಚೆಯ ಗುಮಾಸ್ತನಿಗೆ ಆಕೆಯನ್ನು ಮದುವೆ ಮಾಡಿಕೊಟ್ಟರು. ಹೆಂಡತಿಗೆ ಓದು ಕಲಿಸಬೇಕೆಂಬುದು ಆತನ ಛಲ. ಹದಿನಾಲ್ಕರ ಹರೆಯದಲ್ಲಿ ಹೆತ್ತ ಗಂಡುಮಗು ಹತ್ತೇ ದಿನ ಬದುಕಿತು. ಹೆಂಗಸರ ಕಾಯಿಲೆಯನ್ನು ಹೆಂಗಸರೇ ನೋಡಬೇಕು, ಗಂಡಸು ವೈದ್ಯನ ಮುಂದೆ ನಿಲ್ಲುವುದಕ್ಕಿಂತ ಸಾವೇ ಮೇಲೆಂದು ಬಗೆಯುವ ನನ್ನ ನಾಡಿನ ಹೆಣ್ಣುಗಳಿಗೆ ನಾನು ವೈದ್ಯೆಯಾಗಬೇಕು ಎಂಬ ಸಂಕಲ್ಪ ಆಕೆಯಲ್ಲಿ ಬೇರೂರಿತು.

ಗೋಪಾಲರಾಯನು ಕೊಲ್ಹಾಪುರದಲ್ಲಿದ್ದಾಗ ಹೆಂಡತಿಯ ಓದಿಗೆ ನೆರವು ಬೇಡಿ ಅಮೆರಿಕದ ಮಿಷನರಿಯೊಬ್ಬನಿಗೆ ಬರೆದ ಪತ್ರ ಅಲ್ಲಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಮತಾಂತರವಾದರೆ ನೆರವು ದೊರೆತೀತೆಂಬ ಧಾಟಿಯ ಉತ್ತರವೂ ಅದರೊಡನೆಯೇ ಅಚ್ಚಾಗಿತ್ತು. ನ್ಯೂಜೆರ್ಸಿ ಪ್ರಾಂತದ ರೋಸೆಲ್ ಎಂಬ ಊರಿನ ಥಿಯೊಡೋಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ದಂತವೈದ್ಯನ ಕೊಠಡಿಯಲ್ಲಿ ಸರದಿಗಾಗಿ ಕಾಯುತ್ತಿದ್ದಾಗ ಆ ಪತ್ರಿಕೆ ಆಕೆಯ ಕೈಗೆ ಸಿಕ್ಕಿತು. ಆಕೆ ಪತ್ರ ಬರೆದಳು, ಆನಂದಿಬಾಯಿ ಉತ್ತರಿಸಿದಳು. ಒಬ್ಬರ ಮುಖ ಒಬ್ಬರು ಕಾಣದೆ ಬೆಳೆದ ಈ ನೆಂಟಸ್ತಿಕೆಯಲ್ಲಿ ಕಿರಿಯಳು ಹಿರಿಯಳನ್ನು 'ಮಾವಶಿ' ಎಂದು ಕರೆದಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ತಾಯಿಯ ಒಡಹುಟ್ಟು, ದೊಡ್ಡಮ್ಮನೋ ಚಿಕ್ಕಮ್ಮನೋ.

ಹೊರಡುವ ಮುನ್ನ ಆಕೆ ಒಂದು ಮಾತು ಕೊಟ್ಟಿದ್ದಳು. ಮುಂದಿನ ಕಥೆಗೆ ಅದೇ ಕೀಲಿಕೈ. 1883ರ ಫೆಬ್ರವರಿ 24ರಂದು ಬಂಗಾಳದ ಶ್ರೀರಾಮಪುರದ ಕಾಲೇಜಿನ ಸಭಾಂಗಣದಲ್ಲಿ ತುಂಬಿದ ಸಭೆಯ ಮುಂದೆ ನಿಂತು, ತಾನೇಕೆ ಹೋಗುತ್ತೇನೆ, ಒಬ್ಬಳೇ ಏಕೆ ಹೋಗುತ್ತೇನೆ, ಮರಳಿ ಬಂದಾಗ ಜಾತಿಯವರು ಹೊರಗಿಟ್ಟರೆ ಏನು ಮಾಡುತ್ತೇನೆ ಎಂಬ ಪ್ರಶ್ನೆಗಳಿಗೆಲ್ಲ ಆಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಹಿಂದುವಾಗಿಯೇ ಹೋಗುತ್ತೇನೆ, ಹಿಂದುವಾಗಿಯೇ ಬಂದು ಬಾಳುತ್ತೇನೆ ಎಂದು ಸಾರಿದಳು. ಸಭೆಯಲ್ಲಿ ಈ ಮಾತು ಆಡುವುದು ಒಂದು. ಹಿಮ ಬೀಳುವ ನಾಡಿನಲ್ಲಿ, ದಿನಕ್ಕೆರಡು ಊಟದಲ್ಲಿ, ಉಡುವ ಒಂದೊಂದು ಬಟ್ಟೆಯಲ್ಲಿ ಅದನ್ನು ನಡೆಸಿಕೊಡುವುದು ಇನ್ನೊಂದು.

ಏಪ್ರಿಲ್ 7ರಂದು ಆಕೆ ಕಲ್ಕತ್ತೆಯಲ್ಲಿ ಹಡಗು ಹತ್ತಿದಳು. ಮಿಷನರಿ ಮಹಿಳೆಯರ ಒಡನಾಟದಲ್ಲಿ, ಇಂಗ್ಲೆಂಡಿನ ಮಾರ್ಗವಾಗಿ, ಜೂನ್ 4ರಂದು ನ್ಯೂಯಾರ್ಕ್ ತಲುಪಿದಳು. ಸುಮಾರು ಎರಡು ತಿಂಗಳ ಪ್ರಯಾಣ. ಬಂದರಿನಲ್ಲಿ ಮಾವಶಿ ಕಾದಿದ್ದಳು. ಆ ಬೇಸಗೆಯನ್ನು ಆನಂದಿಬಾಯಿ ರೋಸೆಲ್‌ನ ಆ ಮನೆಯಲ್ಲಿ, ಮನೆಯ ಮಗಳಂತೆ ಕಳೆದಳು. ಪರದೇಶದ ಮೊದಲ ವಾರಗಳು ಆಕೆಯ ಪಾಲಿಗೆ ಹಿತವಾಗಿಯೇ ಇದ್ದವು. ಏಕೆಂದರೆ ಅಲ್ಲಿ ಒಂದು ಅಡುಗೆಮನೆಯಿತ್ತು, ಹೆಸರು ಹಿಡಿದು ಕರೆಯುವ ಒಬ್ಬ ಹಿರಿಯಳಿದ್ದಳು. ಜೂನ್ ತಿಂಗಳ ಕೊನೆಯಲ್ಲಿ ಅಲ್ಲಿಂದಲೇ ಆಕೆ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಅರ್ಜಿ ಬರೆದಳು. ಪ್ರವೇಶಕ್ಕೆ ಬೇಕಾದ ಅರ್ಹತೆಗಳೆಲ್ಲ ತನ್ನಲ್ಲಿ ಇರಲಾರದು. ಆದರೆ ಬಂಧುಗಳ, ಜಾತಿಯವರ ಒಟ್ಟು ವಿರೋಧವನ್ನು ಎದುರಿಸಿ ತನ್ನನ್ನು ಇಲ್ಲಿಯವರೆಗೆ ತಂದ ನಿಶ್ಚಯವೇ ಮುಂದಕ್ಕೂ ನಡೆಸೀತು ಎಂಬುದು ಆ ಪತ್ರದ ಸಾರ. ಅರ್ಜಿಯಲ್ಲಿ ಬೇಡಿಕೆಯಿದೆ, ದೈನ್ಯವಿಲ್ಲ. ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿ ಆಕೆಯನ್ನು ಸೇರಿಸಿಕೊಂಡಳು, ವಿದ್ಯಾರ್ಥಿವೇತನವೂ ದೊರೆಯಿತು.

ಆ ಕಾಲೇಜಿನ ವಿಷಯವಾಗಿ ಒಂದು ಮಾತು. ಅಮೆರಿಕದಲ್ಲಿ ಆಗ ಹೆಂಗಸರಿಗೆ ವೈದ್ಯವಿದ್ಯೆ ಸುಲಭವಾಗಿ ದೊರೆಯುತ್ತಿತ್ತೆಂದು ನಾವು ಭಾವಿಸಬಾರದು. ಆ ದೇಶದ ಮೊದಲ ವೈದ್ಯಪದವೀಧರೆ ಎಲಿಜಬೆತ್ ಬ್ಲ್ಯಾಕ್‌ವೆಲ್ ಪದವಿ ಪಡೆದದ್ದು 1849ರಲ್ಲಿ. ಮರುವರ್ಷ ಈ ಕಾಲೇಜು ಹುಟ್ಟಿತು. 1869ರಲ್ಲಿ ಅದರ ವಿದ್ಯಾರ್ಥಿನಿಯರು ಪಾಠಕ್ಕಾಗಿ ಊರಿನ ದೊಡ್ಡ ಆಸ್ಪತ್ರೆಗೆ ಹೋದಾಗ ಗಂಡು ವಿದ್ಯಾರ್ಥಿಗಳು ಕೂಗಾಡಿ, ಹೀಯಾಳಿಸಿ ಅವಮಾನಿಸಿದರು. ಅದು ನಡೆದು ಹದಿನಾಲ್ಕೇ ವರ್ಷಗಳಾಗಿದ್ದವು. ಆದುದರಿಂದ ಆನಂದಿಬಾಯಿ ಸೇರಿದ್ದು, ತಮ್ಮ ನಾಡಿನಲ್ಲಿಯೇ ಪರಕೀಯರಾಗಿದ್ದ ಹೆಂಗಸರ ಬಳಗವನ್ನು. ಆ ಬಳಗ ಆಕೆಯನ್ನು ತನ್ನವಳೆಂದು ಒಪ್ಪಿಕೊಂಡಿತು. ಆದರೆ ಸಂಜೆಯ ಹೊತ್ತಿಗೆ ಎಲ್ಲರೂ ಅವರವರ ಬಿಡಾರಕ್ಕೆ ಮರಳಬೇಕು.

ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ರೋಸೆಲ್‌ನಿಂದ ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದ್ದ ಫಿಲಡೆಲ್ಫಿಯಾದಲ್ಲಿ ಆಕೆಯ ಒಂಟಿವಾಸ ಆರಂಭವಾಯಿತು. ಅಕ್ಟೋಬರಿನಲ್ಲಿ ಪಾಠಗಳು ತೊಡಗಿದವು. ಆಕೆಯ ವಾಸಕ್ಕೆ ಸಿಕ್ಕ ಕೋಣೆಯಲ್ಲಿ ಒಲೆಗೂಡೇನೋ ಇತ್ತು. ಆದರೆ ಬೆಂಕಿ ಹಚ್ಚಿದರೆ ಹೊಗೆ ಮೇಲೆ ಹೋಗದೆ ಕೋಣೆಯನ್ನೇ ತುಂಬುತ್ತಿತ್ತು. ಹಚ್ಚದಿದ್ದರೆ ಚಳಿ. ಹೊಗೆಯೋ ಚಳಿಯೋ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಕಡಲ ಸೆಕೆಗೆ ಹತ್ತಿರದ ಕಲ್ಯಾಣದಲ್ಲಿ ಬೆಳೆದ ಹುಡುಗಿ, ರಾತ್ರಿಯ ನೀರು ಹೆಪ್ಪುಗಟ್ಟುವ ಊರಿನಲ್ಲಿ ಅಸ್ಥಿಗಳ ಹೆಸರು, ನರಗಳ ಹೆಸರು ಬಾಯಿಪಾಠ ಮಾಡಬೇಕಾದ ಚಿತ್ರವನ್ನು ನೀವೇ ಕಲ್ಪಿಸಿಕೊಳ್ಳಿ. ಆ ವಸತಿಯಲ್ಲಿ ಆಕೆ ಒಂದೂವರೆ ವರ್ಷ ಇದ್ದಳೆಂದೂ, ಅಷ್ಟರಲ್ಲಿ ಜ್ವರ, ಕೆಮ್ಮು, ತಲೆಸುತ್ತು ಆಕೆಯನ್ನು ಹಿಡಿದವೆಂದೂ ಜೀವನಚರಿತ್ರೆ ತಿಳಿಸುತ್ತದೆ.

ಚಳಿಯ ಜೊತೆಗೆ ಉಡುಪಿನ ಸಮಸ್ಯೆ. ಒಂಬತ್ತು ಗಜದ ಕಚ್ಚೆ ಸೀರೆ ನಮ್ಮ ಹವೆಗೆ ಹೇಳಿ ಮಾಡಿಸಿದ ಉಡುಗೆ; ಆದರೆ ಅದು ಕಣಕಾಲನ್ನು ಪೂರ್ತಿ ಮುಚ್ಚುವುದಿಲ್ಲ. ಅಲ್ಲಿಯ ಹೆಂಗಸರಂತೆ ಗೌನು ತೊಟ್ಟರೆ ಮೈ ಬೆಚ್ಚಗಾದೀತು, ಕೊಟ್ಟ ಮಾತು ಮುರಿದೀತು. ಆಕೆ ಕಂಡುಕೊಂಡ ಹಾದಿ ಸೊಗಸಾದುದು: ಕಚ್ಚೆಯನ್ನು ಬಿಟ್ಟು ಗುಜರಾತಿ ಕ್ರಮದಲ್ಲಿ, ಹಿಮ್ಮಡಿಯವರೆಗೂ ಇಳಿಯುವಂತೆ ಸೀರೆಯುಟ್ಟಳು. ಸೀರೆಯೂ ಉಳಿಯಿತು, ಕಾಲಿಗೂ ಮರೆಯಾಯಿತು. ಇಂದು ನಮಗೆ ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ಈ ಬದಲಾವಣೆಗೆ ಆಕೆ ದೂರದ ಗಂಡನ ಒಪ್ಪಿಗೆಯನ್ನು ಬೇಡಿ, ಸಮಜಾಯಿಷಿ ಕೊಟ್ಟು ಪತ್ರ ಬರೆಯಬೇಕಾಯಿತು. ಆ ಪತ್ರ ಹಡಗಿನಲ್ಲಿ ಹೋಗಿ, ಉತ್ತರ ಹಡಗಿನಲ್ಲಿ ಬರುವ ಹೊತ್ತಿಗೆ ಋತುವೇ ಬದಲಾಗುತ್ತಿತ್ತು. ಚಳಿ ಮಾತ್ರ ಯಾರ ಒಪ್ಪಿಗೆಗೂ ಕಾಯುವುದಿಲ್ಲ.

ಗೋಪಾಲರಾಯನ ಪತ್ರಗಳಲ್ಲಿ ಅನುಮಾನದ, ಆಕ್ಷೇಪಣೆಯ ಮಾತುಗಳು ಇರುತ್ತಿದ್ದವು. ಹೆಂಡತಿಯನ್ನು ಓದಿಗೆ ಹಚ್ಚಿದವನೂ ಅವನೇ, ಓದಿಸುವ ಹೆಸರಿನಲ್ಲಿ ಹೊಡೆದವನೂ ಅವನೇ. ಅಮೆರಿಕದಿಂದ ಬರೆದ ಒಂದು ಪತ್ರದಲ್ಲಿ ಆನಂದಿಬಾಯಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾಳೆ. ಹತ್ತು ವರ್ಷದ ಹುಡುಗಿಯ ಮೇಲೆ ಕಟ್ಟಿಗೆಯ ತುಂಡು ಬೀಸಿದ್ದನ್ನು, ಕುರ್ಚಿ ಎಸೆದದ್ದನ್ನು ನೆನಪಿಸಿ, ನೀವು ನನ್ನನ್ನು ನಡೆಸಿಕೊಂಡ ರೀತಿ ಒಳ್ಳೆಯದೋ ಕೆಟ್ಟದೋ ಎಂದರೆ ಎರಡೂ ಹೌದೆನ್ನಬೇಕಾಗುತ್ತದೆ ಎಂಬ ಅರ್ಥದ ಮಾತು ಬರೆದಿದ್ದಾಳೆ. ನಾನು ಈ ಪತ್ರದ ವಿಷಯವನ್ನು ಓದಿದಾಗಲೆಲ್ಲ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೇನೆ. ಅದರಲ್ಲಿ ಸಿಟ್ಟಿಗಿಂತ ತೂಕ ಹೆಚ್ಚು. ಮನೆಯಲ್ಲಿ ಎದುರು ನಿಂತು ಆಡಲಾಗದ ಮಾತನ್ನು ಆಡುವ ಧೈರ್ಯವನ್ನು ಆ ದೂರ ಆಕೆಗೆ ಕೊಟ್ಟಿತೆಂದು ನನ್ನ ಎಣಿಕೆ. ಪರದೇಶ ಆಕೆಗೆ ಕೊಟ್ಟದ್ದು ವೈದ್ಯವಿದ್ಯೆಯೊಂದೇ ಅಲ್ಲ.

ಆಕೆ ಕೊಟ್ಟ ಮಾತನ್ನು ಉಳಿಸಿಕೊಂಡಳು. 1885ರ ಅಕ್ಟೋಬರಿನಲ್ಲಿ ತೆಗೆದ ಒಂದು ಭಾವಚಿತ್ರವಿದೆ. ಅದರಲ್ಲಿ ಮೂವರು ವಿದ್ಯಾರ್ಥಿನಿಯರು: ಜಪಾನಿನ ಒಕಾಮಿ ಕೈಕೊ, ಸಿರಿಯಾದ ಡಮಾಸ್ಕಸ್ಸಿನ ಸಬಾತ್ ಇಸ್ಲಾಂಬೂಲಿ, ಸೀರೆಯುಟ್ಟ ನಮ್ಮ ಆನಂದಿಬಾಯಿ. ಮೂವರೂ ತಮ್ಮ ತಮ್ಮ ನಾಡಿನ ಉಡುಪಿನಲ್ಲಿದ್ದಾರೆ. ಚಿತ್ರ ನೋಡುವವರಿಗೆ ಆ ಸೀರೆ ಒಂದು ಅಲಂಕಾರದಂತೆ ಕಾಣುತ್ತದೆ. ಅದರ ಹಿಂದಿನ ಚಳಿ ಚಿತ್ರದಲ್ಲಿ ಮೂಡಿಲ್ಲ.

1886ರ ಮಾರ್ಚ್ 11ರಂದು ಆಕೆಗೆ ಪದವಿ ದೊರೆಯಿತು. ಪ್ರಾಚೀನ ಹಿಂದೂಗಳಲ್ಲಿ ಪ್ರಸೂತಿವಿದ್ಯೆ ಎಂಬುದು ಆಕೆಯ ಪ್ರಬಂಧದ ವಿಷಯ. ಆ ದಿನ ಪಂಡಿತಾ ರಮಾಬಾಯಿ ಇಂಗ್ಲೆಂಡಿನಿಂದ ಬಂದು ಸಭೆಯಲ್ಲಿ ಕುಳಿತಿದ್ದಳು. ನಮ್ಮ ಬೆಳಗಾವಿಗೆ ಸಮೀಪದ ಕೊಲ್ಹಾಪುರದ ಆಸ್ಪತ್ರೆಯಲ್ಲಿ ಸ್ತ್ರೀವಿಭಾಗದ ವೈದ್ಯೆಯ ಹುದ್ದೆ ಆಕೆಗಾಗಿ ಕಾದಿತ್ತು. ಗಂಡನ ಪತ್ರ ಎಲ್ಲಿಂದ ಹೊರಟಿತ್ತೋ ಅದೇ ಊರು! ಆದರೆ ಆಕೆಯ ದೇಹವನ್ನು ಆಗಲೇ ಕ್ಷಯ ಹೊಕ್ಕಿತ್ತು. ವರ್ಷದ ಕೊನೆಯಲ್ಲಿ ಸ್ವದೇಶಕ್ಕೆ ಮರಳಿದ ಆಕೆ 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿಗೆ ಮಿಕ್ಕ ಕಾಲವಿತ್ತು. ಆ ಹುದ್ದೆಯಲ್ಲಿ ಕುಳಿತು ರೋಗಿಗಳನ್ನು ನೋಡುವ ದಿನ ಬರಲೇ ಇಲ್ಲ.

ಆ ಕೋಣೆಯೇ ಆಕೆಯನ್ನು ಕೊಂದಿತೆಂದು ನಾನು ಹೇಳಲಾರೆ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿದ್ದು 1882ರಲ್ಲಿ, ಆಕೆ ಹಡಗು ಹತ್ತಿದ ಹಿಂದಿನ ವರ್ಷ. ಅದನ್ನು ಗೆಲ್ಲುವ ಮೊದಲ ಮದ್ದು ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ಅರಮನೆಯಲ್ಲಿದ್ದವರನ್ನೂ ಆ ರೋಗ ಬಿಡಲಿಲ್ಲ. ಆದರೆ ಒಂದನ್ನು ಹೇಳಬಲ್ಲೆ. ಆಕೆಯನ್ನು ಅಮೆರಿಕಕ್ಕೆ ಕಳಿಸಲು ಸಭೆ ಸೇರಿತ್ತು, ಚಂದಾ ಎತ್ತಿತ್ತು, ಪತ್ರಿಕೆಗಳು ಬರೆದಿದ್ದವು; ಆಕೆ ಪದವಿ ಪಡೆದಾಗ ಎರಡು ಖಂಡಗಳಲ್ಲಿ ಹೊಗಳಿಕೆ ಹರಿಯಿತು. ಈ ಎರಡು ಚಪ್ಪಾಳೆಗಳ ನಡುವೆ, ಒಂದು ಹೊಗೆಗೂಡನ್ನು ಸರಿಪಡಿಸುವ ಕೆಲಸ ಯಾರ ಕೆಲಸವೂ ಆಗಲಿಲ್ಲ. ಸಾಧನೆಯನ್ನು ಮೆಚ್ಚುವವರು ಬಹಳ. ಸಾಧಿಸುವವರು ಬದುಕಿರಲೆಂದು ನೋಡಿಕೊಳ್ಳುವವರು ಕಡಮೆ.

ಆ ಕೆಲವರಲ್ಲಿ ಮಾವಶಿ ಒಬ್ಬಳು. ಆನಂದಿಬಾಯಿಯ ಚಿತಾಭಸ್ಮ ಕಡಲು ದಾಟಿ ಆಕೆಯ ಬಳಿಗೆ ಹೋಯಿತು. ನ್ಯೂಯಾರ್ಕ್ ಪ್ರಾಂತದ ಪೊಕಿಪ್ಸಿ ಎಂಬ ಊರಿನ ಸ್ಮಶಾನದಲ್ಲಿ, ತನ್ನ ಕುಟುಂಬದವರ ನಡುವೆ ಆಕೆ ಅದಕ್ಕೆ ಜಾಗ ಮಾಡಿಕೊಟ್ಟಳು. ಆ ಕಲ್ಲು ಇಂದಿಗೂ ಅಲ್ಲಿದೆ.

ನನ್ನ ಮೊಮ್ಮಗಳು ಮೊನ್ನೆ ಮಾತನಾಡುವಾಗ, "ಅಜ್ಜ, ನೀವು ಪ್ರತಿ ಸಲವೂ ಕೋಣೆ ಬೆಚ್ಚಗಿದೆಯೇ ಅಂತಲೇ ಕೇಳುತ್ತೀರಲ್ಲ, ಓದಿನ ವಿಷಯ ಕೇಳುವುದೇ ಇಲ್ಲವಲ್ಲ" ಎಂದು ನಕ್ಕಳು. ಓದಿನ ವಿಷಯ ಕೇಳುವವರು ಅವಳಿಗೆ ಅಲ್ಲಿ ಬೇಕಾದಷ್ಟು ಜನರಿದ್ದಾರೆ. ನನ್ನ ಪ್ರಶ್ನೆಯನ್ನು ನಾನು ಬಿಡುವುದಿಲ್ಲ.