ಪದಗಳಿಗೆ ರೇಟು ಬಿದ್ದ ಕತೆ

ನೆಂಟರ ಹುಡುಗನೊಬ್ಬ ಮೊನ್ನೆ ಕೇಳಿದ: "ಅಣ್ಣಾ, ಅಫಿಲಿಯೇಟ್ ಮಾರ್ಕೆಟಿಂಗ್ ಮಾಡೋಣ ಅಂತಿದೀನಿ. ಯಾವ ನಿಶ್ ಹಿಡಿದ್ರೆ ದುಡ್ಡು?" ಗೊತ್ತಿಲ್ಲದವರಿಗೆ ಒಂದು ಮಾತು. ಬೇರೆಯವರ ಸಾಮಾನಿಗೆ ನಮ್ಮ ತಾಣದಿಂದ ಕೊಂಡಿ ಕೊಟ್ಟು, ಮಾರಾಟವಾದರೆ ಕಮಿಷನ್ ಪಡೆಯೋ ದಲ್ಲಾಳಿ ಕೆಲಸ ಇದು. ಜನ ಏನೇನು ಹುಡುಕ್ತಾರೆ ಅಂತ ಲೆಕ್ಕ ಹಾಕಿ ಆರಿಸಿಕೊಳ್ಳುವ ಸಣ್ಣ ವಿಷಯವೇ ನಿಶ್. ಅವನಿಗೆ ನಾನು ಏನು ಹೇಳಿದೆ ಅನ್ನೋದು ಇರ್ಲಿ. ಈ ಲೆಕ್ಕಾಚಾರ ಎಲ್ಲಿಂದ ಬಂತು ಅಂತ ಕೆದಕುತ್ತಾ ಹೋದೆ, ಸ್ವಲ್ಪ ಗಾಬರಿಯೂ ಆಯ್ತು. ಅದನ್ನೇ ಇಲ್ಲಿ ಬರೀತಿದೀನಿ.

ಕಮಿಷನ್ನಿನ ವ್ಯವಹಾರ ಹಳೆಯದು. ಸಿ.ಡಿ. ಮಾರುತ್ತಿದ್ದ ಸಿಡಿನೌ 1994ರಲ್ಲೇ ಶುರು ಮಾಡಿತ್ತು. ಅಮೆಜಾನ್ 1996ರ ಜುಲೈಯಲ್ಲಿ 'ಅಸೋಸಿಯೇಟ್ಸ್' ಅಂತ ಆರಂಭಿಸಿತು. ಪಾರ್ಟಿಯೊಂದರಲ್ಲಿ ಹೆಂಗಸೊಬ್ಬರು ಜೆಫ್ ಬೆಜೋಸ್ ಹತ್ತಿರ, ನನ್ನ ತಾಣದಲ್ಲಿ ವಿಚ್ಛೇದನದ ಬಗೆಗಿನ ಪುಸ್ತಕ ಮಾರಬಹುದಾ ಅಂತ ಕೇಳಿದರಂತೆ, ಅದರಿಂದಲೇ ಈ ಯೋಜನೆ ಹೊಳೆಯಿತಂತೆ. ಅಂತೆಕಂತೆ ಎಷ್ಟು ನಿಜವೋ... ಆದರೆ ನೋಡಿ, ಕತೆಯಲ್ಲಿ ಬರುವ ಮೊದಲ ನಿಶ್ಶೇ ವಿಚ್ಛೇದನ!

ಆಗಿನ್ನೂ ಯಾವ ವಿಷಯಕ್ಕೆ ಎಷ್ಟು ಬೆಲೆ ಅಂತ ತಿಳಿಯುವ ದಾರಿ ಇರಲಿಲ್ಲ. ಆ ದಾರಿ ತೆರೆದದ್ದು 1998ರಲ್ಲಿ, ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್. ಅವರ ಗೋಟು ಡಾಟ್ ಕಾಮ್ ಎಂಬ ಹುಡುಕುಯಂತ್ರ ಪದಗಳನ್ನು ಹರಾಜಿಗಿಟ್ಟಿತು. ಒಂದು ಪದಕ್ಕೆ ಹೆಚ್ಚು ಕೂಗಿದವನ ತಾಣ ಮೇಲೆ. ಯಾರಾದರೂ ಕ್ಲಿಕ್ಕಿಸಿದರೆ ಮಾತ್ರ ದುಡ್ಡು. ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ಇನ್ನೊಂದು: ಯಾರು ಎಷ್ಟು ಕೂಗಿದ್ದಾರೆ ಅನ್ನೋದನ್ನೂ ಅವರು ಫಲಿತಾಂಶದ ಪಕ್ಕದಲ್ಲೇ ಹಾಕುತ್ತಿದ್ದರು. ನಮ್ಮ ಅಡಿಕೆ ಮಂಡಿಯಲ್ಲಿ ರೇಟು ಬರೆದ ಹಾಗೆ! ಗೋಟು 2001ರಲ್ಲಿ ಓವರ್ಚರ್ ಆಯ್ತು, 2003ರಲ್ಲಿ ಯಾಹೂ ಅದನ್ನು ಸುಮಾರು 163 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿತು.

ಓವರ್ಚರ್‌ನವರ ಬಳಿ ಪುಕ್ಕಟೆ ಸಾಧನವೊಂದಿತ್ತು. ಒಂದು ಪದ ಕೊಟ್ಟರೆ ಹಿಂದಿನ ತಿಂಗಳು ಅದನ್ನು, ಅದಕ್ಕೆ ಸಂಬಂಧಿಸಿದ ಪದಗಳನ್ನು ತಮ್ಮ ಜಾಲದಲ್ಲಿ ಎಷ್ಟು ಸಲ ಹುಡುಕಿದ್ದಾರೆ ಅಂತ ಹೇಳುತ್ತಿತ್ತು. ಜಾಹೀರಾತು ಕೊಡುವವರಿಗೆ ಮಾಡಿದ್ದು, ದಲ್ಲಾಳಿಗಳಿಗೆ ಹಬ್ಬವಾಯ್ತು. ಒಂದು ಕಡೆ ಬೇಡಿಕೆ, ಇನ್ನೊಂದು ಕಡೆ ಹರಾಜಿನ ರೇಟು, ಎರಡೂ ಸಿಕ್ಕಮೇಲೆ ಇನ್ನೇನು ಬೇಕು? ಪೈಪೋಟಿ ಅಳೆಯಲು ಸುಮಂತ್ರ ರಾಯ್ ಎಂಬುವರು ಒಂದು ಸೂತ್ರ ಕೊಟ್ಟರು. ವರ್ಡ್‌ಟ್ರ್ಯಾಕರ್ ಎಂಬ ಸಾಧನದಿಂದ ಅದು ಮನೆಮಾತಾಯ್ತು. ಹುಡುಕಾಟದ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಎದುರಾಳಿ ಪುಟಗಳ ಸಂಖ್ಯೆಯಿಂದ ಭಾಗಿಸಬೇಕು. 100 ಹುಡುಕಾಟ, 1,000 ಪುಟ ಇದ್ದರೆ 10. ಅದೇ 10,000 ಪುಟ ಇದ್ದರೆ 1. ಹೆಚ್ಚು ಬಂದಷ್ಟೂ ಒಳ್ಳೆಯ ನಿಶ್. ಆದರೆ ಹುಡುಕುವವನು ಜೇಬಿಗೆ ಕೈ ಹಾಕ್ತಾನೋ ಇಲ್ವೋ ಅನ್ನೋದು ಈ ಸೂತ್ರಕ್ಕೆ ಗೊತ್ತಿಲ್ಲ. ಅದನ್ನು ಹೇಳುತ್ತಿದ್ದದ್ದು ಹರಾಜು.

ಹರಾಜು ಏನು ಹೇಳಿತು? ಆ ದಶಕದಲ್ಲಿ ಅತಿ ದುಬಾರಿ ಪದಗಳು ಯಾವುವು ಅಂತ ಪಟ್ಟಿ ಮಾಡಿದಾಗೆಲ್ಲ ತುದಿಯಲ್ಲಿ 'ಮೆಸೊಥೆಲಿಯೋಮಾ' ಇರುತ್ತಿತ್ತು. ಕಲ್ನಾರಿನ ಧೂಳಿನಿಂದ, ಅದನ್ನು ಉಸಿರಾಡಿ ಎಷ್ಟೋ ದಶಕಗಳಾದ ಮೇಲೆ ಬರುವ ಕ್ಯಾನ್ಸರ್. ಅಮೆರಿಕದಲ್ಲಿ ಕಂಪನಿಗಳ ಮೇಲೆ ದಾವೆ ಹಾಕಿ ಗೆದ್ದರೆ ವಕೀಲರಿಗೆ ಪರಿಹಾರದಲ್ಲಿ ಪಾಲು. ಹಾಗಾಗಿ ಒಂದು ಕ್ಲಿಕ್ಕಿಗೆ ಹತ್ತಾರು ಡಾಲರ್ ಕೊಡಲೂ ತಯಾರಿದ್ದರು. 2003ರಲ್ಲಿ ಗೂಗಲ್ ಆಡ್‌ಸೆನ್ಸ್ ಬಂದಮೇಲೆ ಕಾಯಿಲೆಯ ಗಂಧಗಾಳಿ ಇಲ್ಲದವರೆಲ್ಲ ಅದರ ಬಗ್ಗೆ ತಾಣ ಕಟ್ಟಿದರು. ಅದೇ ಕಾಲದಲ್ಲಿ ನಾವು ಕನ್ನಡದಲ್ಲಿ ಮಳೆ, ಊರು, ಅಜ್ಜಿ ಅಂತ ಬರೀತಾ ಕೂತಿದ್ವಿ, ನಮ್ಮ ಪದಗಳಿಗೆ ರೇಟೇ ಇರಲಿಲ್ಲ :-) ಹಿಂದಿಗೇ ಆಡ್‌ಸೆನ್ಸ್ ಸಿಕ್ಕಿದ್ದು 2014ರ ಕೊನೆಗೆ. ಕನ್ನಡ ಪಟ್ಟಿ ಸೇರಿದ್ದು ಅದರ ನಂತರ.

2006ರ ಆಗಸ್ಟಿನಲ್ಲಿ ಎ.ಓ.ಎಲ್. ಸಂಶೋಧಕರಿಗೆಂದು ಸುಮಾರು ಆರೂವರೆ ಲಕ್ಷ ಜನರ ಮೂರು ತಿಂಗಳ ಹುಡುಕಾಟವನ್ನು ಬಹಿರಂಗ ಮಾಡಿಬಿಟ್ಟಿತು. ಹೆಸರಿನ ಬದಲು ಒಂದು ನಂಬರು, ಅಷ್ಟೇ. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನವರು ಒಂದು ನಂಬರಿನ ಹಿಂದಿದ್ದ ವಯಸ್ಸಾದ ಹೆಂಗಸಿನ ಮನೆಬಾಗಿಲಿಗೇ ಹೋಗಿದ್ದರು. ಎ.ಓ.ಎಲ್. ಅದನ್ನು ಹಿಂದಕ್ಕೆ ತೆಗೆದುಕೊಂಡಿತಾದರೂ ಅಷ್ಟರಲ್ಲಿ ಪ್ರತಿಗಳು ಹರಡಿದ್ದವು. ಕೀವರ್ಡ್ ಅನ್ನೋದು ಬರೀ ಅಂಕಿ ಅಂದುಕೊಂಡಿದ್ದವರಿಗೆ, ಅದು ರಾತ್ರಿ ನಿದ್ದೆಗೆಟ್ಟು ಯಾರೋ ಟೈಪ್ ಮಾಡಿದ ಪ್ರಶ್ನೆ ಅಂತ ಅರ್ಥವಾಗಬೇಕಿತ್ತು.

ಆಗಲಿಲ್ಲ ಅಂತ ಕಾಣುತ್ತೆ. 2011ರ ಫೆಬ್ರವರಿಯಲ್ಲಿ ಗೂಗಲ್ 'ಪಾಂಡಾ' ತಂದು ಕೀವರ್ಡಿಗಾಗಿಯೇ ಗೀಚಿದ ತಾಣಗಳನ್ನು ಕೆಳಗೆ ತಳ್ಳಿತು. ಎಷ್ಟೋ ದಲ್ಲಾಳಿಗಳು ಮುಳುಗಿದರು. ಆದರೆ ದುಬಾರಿ ಪದಗಳು ಹಾಗೇ ಉಳಿದವು. 2016ರ ಜುಲೈಯಲ್ಲಿ ಗೂಗಲ್ 'ಪೇಡೇ ಲೋನ್' ಜಾಹೀರಾತುಗಳನ್ನು ನಿಲ್ಲಿಸಬೇಕಾಯ್ತು. ಸಂಬಳದ ದಿನದ ತನಕ ಅಂತ ಕೊಟ್ಟು ಚಕ್ರಬಡ್ಡಿಯಲ್ಲಿ ಸುಲಿಯುವ ಸಾಲ ಅದು. ಇನ್ನೂ ಕೆಟ್ಟದ್ದು ಮಾದಕ ವ್ಯಸನದ ಚಿಕಿತ್ಸೆ. ಮಗನನ್ನು ಉಳಿಸಿಕೊಳ್ಳಲು ತಾಯಿ ಹುಡುಕಿ ಫೋನ್ ಮಾಡಿದರೆ ಎತ್ತುತ್ತಿದ್ದವನು ಎಷ್ಟೋ ಸಲ ಡಾಕ್ಟರಲ್ಲ, ದಲ್ಲಾಳಿ. ಆ ಕರೆಯನ್ನೇ ಹೆಚ್ಚು ಕೊಟ್ಟ ಕೇಂದ್ರಕ್ಕೆ ಮಾರುತ್ತಿದ್ದ. ಪತ್ರಕರ್ತರು ಇದನ್ನು ಬಯಲಿಗೆಳೆದ ಮೇಲೆ 2017ರ ಸೆಪ್ಟೆಂಬರಿನಲ್ಲಿ ಗೂಗಲ್ ಆ ಜಾಹೀರಾತುಗಳಿಗೆ ಕಡಿವಾಣ ಹಾಕಿತು. 2018ರಲ್ಲಿ ಮತ್ತೆ ಬಿಟ್ಟಿತು, ಆದರೆ ಲೆಜಿಟ್‌ಸ್ಕ್ರಿಪ್ಟ್ ಎಂಬ ಹೊರಗಿನ ಸಂಸ್ಥೆಯ ಪ್ರಮಾಣಪತ್ರ ಪಡೆದ ಕೇಂದ್ರಗಳಿಗೆ ಮಾತ್ರ.